ಪೂಜೆಗೆಂದು ಹಾಕಿದ ಒಂದು ಗುಂಡು

2019ರ ದಸರಾ ಮುಗಿದ ಮೂರನೆಯ ದಿನ, ಶುಕ್ರವಾರ, ಮಧ್ಯಾಹ್ನ ಹನ್ನೆರಡು ಗಂಟೆ ಹತ್ತು ನಿಮಿಷಕ್ಕೆ ನಾನು ಕೊಲ್ಹಾಪುರದ ಒಂದು ಪರವಾನಗಿ ಪಡೆದ ಬಂದೂಕು ದುರಸ್ತಿ ಅಂಗಡಿಯ ಒಳಕೋಣೆಯಲ್ಲಿ, ಕಿಟಕಿಗೆ ಬೆನ್ನು ಮಾಡಿ, ಎರಡನೆಯ ವೈಸ್‌ನ ಎಡಕ್ಕೆ ನಿಂತಿದ್ದೆ. ವೈಸ್ ಎಂದರೆ ಕೆಲಸದ ಮೇಜಿಗೆ ಬೋಲ್ಟ್ ಹಾಕಿ ಕೂರಿಸಿದ ಕಬ್ಬಿಣದ ದವಡೆ. ಅದರೊಳಗೆ .32 ಬೋರಿನ ಹೊಸ ಪಿಸ್ತೂಲೊಂದನ್ನು ಬಿಗಿದಿದ್ದೆ. ನನ್ನ ಬಲಗೈಯಲ್ಲಿ ಮರದ ಸುತ್ತಿಗೆ ಇತ್ತು. ಆ ಕೆಲಸಕ್ಕೆ ಸೇರಿ ಮೂವತ್ತೊಂದು ವರ್ಷವಾಗಿತ್ತು.

ದಸರಾದ ನಂತರದ ವಾರ ನಮಗೆ ವರ್ಷದ ಅತ್ಯಂತ ಕೆಟ್ಟ ವಾರ. ನವಮಿಯ ದಿನ ಆಯುಧ ಇದ್ದವರೆಲ್ಲ ಅದನ್ನು ದೇವರ ಮುಂದೆ ಇಟ್ಟು ಪೂಜಿಸುತ್ತಾರೆ. ಅರಿಶಿನ, ಕುಂಕುಮ, ಎಣ್ಣೆ, ತೆಂಗಿನಕಾಯಿಯ ನೀರು ಎಲ್ಲವೂ ಒಳಗೆ ಇಳಿದು ಒಣಗುತ್ತವೆ. ಆಮೇಲೆ ಆಯುಧಗಳು ನಮ್ಮಲ್ಲಿಗೆ ಬರುತ್ತವೆ. ಆ ವಾರ ಎರಡೇ ದಿನಗಳಲ್ಲಿ ಹತ್ತೊಂಬತ್ತು ಬಂದೂಕುಗಳನ್ನು ಬಿಚ್ಚಿದ್ದೆ. ನನಗೆ ದಣಿವಾಗಿತ್ತು. ಇದನ್ನು ನೆಪವಾಗಿ ಹೇಳುತ್ತಿಲ್ಲ, ಇದ್ದ ಸಂಗತಿ ಎಂದು ಹೇಳುತ್ತಿದ್ದೇನೆ.

ಪಿಸ್ತೂಲು ತಂದವರು ಗಡಹಿಂಗ್ಲಜ ಕಡೆಯ ಬಾಳಗೊಂಡ ಎಂಬುವರು. ಪೆಟ್ರೋಲ್ ಪಂಪ್ ನಡೆಸುತ್ತಿದ್ದರು. ಜೊತೆಯಲ್ಲಿ ಅವರ ಹೆಂಡತಿ ಪದ್ಮವ್ವ ಬಂದಿದ್ದರು. ಪಿಸ್ತೂಲು ಕೊಂಡು ಆರು ವಾರ ಆಗಿತ್ತು, ಒಮ್ಮೆಯೂ ಸ್ವಚ್ಛ ಮಾಡಿರಲಿಲ್ಲ. ಹೊಸ ಪಿಸ್ತೂಲಿಗೆ ತುಕ್ಕು ಹಿಡಿಯದಂತೆ ಕಾರ್ಖಾನೆಯಲ್ಲಿ ದಪ್ಪ ಗ್ರೀಸ್ ತುಂಬಿರುತ್ತಾರೆ. ಬಳಸುವ ಮೊದಲು ಅದನ್ನು ತೆಗೆಯಬೇಕು. ಇಲ್ಲಿ ಆ ಗ್ರೀಸ್ ಕುಂಕುಮದೊಂದಿಗೆ ಕೂಡಿ ಗಟ್ಟಿಯಾಗಿತ್ತು. ಆರತಿಯ ಕರ್ಪೂರವನ್ನು ತೀರ ಹತ್ತಿರ ಹಚ್ಚಿದ್ದರಿಂದ ಪ್ಲಾಸ್ಟಿಕ್ಕಿನ ಎಡ ಗ್ರಿಪ್, ಅಂದರೆ ಅಂಗೈಗೆ ತಾಗುವ ಹಿಡಿಯ ಹೊದಿಕೆ, ಕರಗಿ ಉಬ್ಬಿತ್ತು. ಬಲಗಡೆಯದು ಸೀಳಿತ್ತು.

"ಖಾಲಿ ಐತೇನ್ರಿ?" ಎಂದು ಕೇಳಿದೆ.

"ಖಾಲಿ ಐತ್ರಿ. ಮ್ಯಾಗಜಿನ್ ಇಲ್ಲೇ ಕಿಸೆದಾಗ ಐತಿ ನೋಡ್ರಿ," ಎಂದು ಬಾಳಗೊಂಡರು ಗುಂಡು ತುಂಬುವ ಆ ಡಬ್ಬಿಯನ್ನು ತೆಗೆದು ತೋರಿಸಿದರು. ಅದು ನಿಜವಾಗಿಯೂ ಖಾಲಿ ಇತ್ತು.

ಮ್ಯಾಗಜಿನ್ ತೆಗೆದ ಮೇಲೂ ನಳಿಗೆಯ ಹಿಂದಿನ ಚೇಂಬರಿನಲ್ಲಿ ಒಂದು ಗುಂಡು ಉಳಿದಿರಬಹುದು. ಅದನ್ನು ನೋಡಲು ಮೇಲಿನ ಸ್ಲೈಡನ್ನು ಹಿಂದಕ್ಕೆ ಎಳೆಯಬೇಕು. ನಾನು ಎಳೆದೆ, ಅದು ಜರುಗಲಿಲ್ಲ. ಚೇಂಬರ್ ಕಾಣದಿದ್ದರೆ ಒಳಗೆ ಗುಂಡು ಇದೆ ಎಂದೇ ತಿಳಿದು, ಗೋಕುಳ ಶಿರಗಾಂವದ ಫೌಂಡ್ರಿಯಿಂದ ತಂದ ಉಸುಕು ತುಂಬಿದ ಡ್ರಮ್ಮಿನ ಕಡೆಗೆ ಪಿಸ್ತೂಲಿನ ಬಾಯಿ ತಿರುಗಿಸಿ ಕೆಲಸ ಮಾಡಬೇಕು ಎಂಬುದು ನಮ್ಮ ನಿಯಮ. ಹೊಸಬರಿಗೆ ಅದನ್ನು ಕಲಿಸುತ್ತಿದ್ದವನು ನಾನೇ. ಅಂದು ಮಾಡಲಿಲ್ಲ. ಗ್ರಿಪ್ಪುಗಳನ್ನು ಕಳಚಿ ನಮ್ಮ ಬಡಿಗ ಮಾನಪ್ಪನಿಗೆ ಅಳತೆಗೆ ಕೊಟ್ಟೆ. ಪಿಸ್ತೂಲನ್ನು ಕೈಗೆ ಅನುಕೂಲವಾದ ದಿಕ್ಕಿಗೆ ವೈಸ್‌ನಲ್ಲಿ ಬಿಗಿದೆ. ಸುತ್ತಿಗೆಯಿಂದ ತಟ್ಟಿ ಸ್ಲೈಡನ್ನು ಸಡಿಲಿಸುವುದು ನನ್ನ ಯೋಚನೆ. ಪಿಸ್ತೂಲಿನ ಬಾಯಿಯ ನೇರಕ್ಕೆ, ಐದು ಅಡಿ ದೂರದಲ್ಲಿ, ಮಾನಪ್ಪ ಸ್ಟೂಲಿನ ಮೇಲೆ ಕುಳಿತು ಶೀಸಮ್ ಕಟ್ಟಿಗೆಯ ಮೇಲೆ ಗ್ರಿಪ್ಪಿನ ಗುರುತು ಹಾಕುತ್ತಿದ್ದ.

ಮಾನಪ್ಪ ಇಚಲಕರಂಜಿಯವನು, ದಿನಾ ಬಸ್ಸಿಗೆ ಬರುತ್ತಿದ್ದ. ಬಾಯಿ ಸುಮ್ಮನಿರುತ್ತಿರಲಿಲ್ಲ. ಕರಗಿದ ಗ್ರಿಪ್ ಎತ್ತಿ ಹಿಡಿದು, "ಅಕ್ಕಾರ, ಪೂಜಾ ಮಾಡೀರೋ, ಹಪ್ಪಳಾ ಸುಟ್ಟೀರೋ?" ಎಂದ.

ಬಾಗಿಲ ಬಳಿಯ ಬೆಂಚಿನ ಮೇಲೆ ಕುಳಿತಿದ್ದ ಪದ್ಮವ್ವ ನಕ್ಕರು. "ಮೊದಲನೇ ಪೂಜಾ ಅಲ್ಲೇನಪಾ, ಜೋರ ಮಾಡಿದ್ವಿ. ಬರಿದ ಕೊಡಾ ಯಾರರ ಪೂಜಾ ಮಾಡ್ತಾರೇನು? ಖಾಲಿ ಪಿಸ್ತೂಲಿಗೆ ಆರತಿ ಹ್ಯಾಂಗ ಬೆಳಗೂದು? ಒಂದ ಗುಂಡರ ಹಾಕ್ರಿ ಅಂತ ನಾನ ಅಂದೆ." ಗಂಡನ ಕಡೆ ತಿರುಗಿ, "ಅದನ್ನ ತಗದ್ರೇನ್ರಿ?" ಎಂದು ಕೇಳಿದರು.

"ತಗದೇನಲ್ಲ. ಮ್ಯಾಗಜಿನ್ ತಗದ ನೋಡಿದೆ, ಬರಿದ ಇತ್ತು."

"ಬರಿದ ಇತ್ತಂದ್ರ ಗುಂಡ ಎಲ್ಲಿ ಹೋತು? ದೇವರ ನುಂಗಿದನೇನು?"

ಮಾನಪ್ಪ ನಗಲು ಬಾಯಿ ತೆರೆದ. ಎತ್ತಿದ ಸುತ್ತಿಗೆ ನನ್ನ ಭುಜದ ಎತ್ತರದಲ್ಲಿತ್ತು. ಅದನ್ನು ಇಳಿಸುವುದಕ್ಕೂ ಹೆದರಿಕೆಯಾಯಿತು.

"ಮಾನಪ್ಪ, ಎಡಕ್ಕ ಸರಿ. ನೆಟ್ಟಗ ನಿಂದರಬ್ಯಾಡ, ಕುಂತಲ್ಲೇ ಸರಿ," ಎಂದೆ.

ಅವನು ಸ್ಟೂಲು ಸಮೇತ ಗೋಡೆಯ ಕಡೆ ಜರುಗಿದ. ಅಂಗಡಿಯ ಮಾಲಕರು ಬಾಗಿಲಲ್ಲಿ ನಿಂತಿದ್ದರು. ಮರಾಠಿಯವರು. "ಸಗಳೇ ಬಾಹೇರ," ಎಂದು ಎಲ್ಲರನ್ನೂ ಹೊರಗೆ ಕಳಿಸಿ, ತಾವು ಅಲ್ಲಿಯೇ ನಿಂತರು. ವೈಸ್‌ನ ಬುಡದ ಬೋಲ್ಟ್ ಸಡಿಲಿಸಿ, ಪಿಸ್ತೂಲು ಮುಟ್ಟದೆ, ವೈಸನ್ನೇ ಡ್ರಮ್ಮಿನ ಕಡೆಗೆ ತಿರುಗಿಸಿದೆ. ಸಂದಿಗಳಿಗೆ ಎಣ್ಣೆ ಬಿಟ್ಟು ಅರ್ಧ ಗಂಟೆ ಕಾದೆವು. ಬಳಿಕ ಅದೇ ಸುತ್ತಿಗೆಯಿಂದ ಒಮ್ಮೆ, ಮೆಲ್ಲಗೆ, ತಟ್ಟಿದೆ.

ಹಾರಿತು. ಒಳಗಿನ ಸ್ಟ್ರೈಕರ್, ಅಂದರೆ ಗುಂಡಿನ ಹಿಂಬದಿಗೆ ಬಡಿಯುವ ಮೊಳೆ, ಆ ಅಂಟಿನಲ್ಲಿ ಅರ್ಧಕ್ಕೆ ಸಿಕ್ಕಿಕೊಂಡಿತ್ತು. ಒಂದು ಏಟಿಗೆ ಬಿಟ್ಟುಕೊಂಡಿತು. ಉಸುಕಿನಲ್ಲಿ ಗುಂಡು ಒಂಬತ್ತು ಇಂಚು ಒಳಗೆ ಸಿಕ್ಕಿತು. ನಾನು ಸ್ಕೇಲು ಹಿಡಿದು ಅಳೆದೆ. ಯಾಕೆ ಅಳೆದೆ ಎಂದು ನನಗೆ ಗೊತ್ತಿಲ್ಲ.

ಮಾಲಕರು ತಾವೇ ಪೊಲೀಸರಿಗೆ ಫೋನ್ ಮಾಡಿದರು. ಬಂದ ಅಧಿಕಾರಿ, ಖಾಲಿ ಇದೆ ಎಂದವರು ಯಾರು ಎಂದು ಕೇಳಿದರು. "ನಾ ಅಂದೇನ್ರಿ ಸಾಹೇಬ್ರ," ಎಂದರು ಬಾಳಗೊಂಡರು. ಅಷ್ಟಕ್ಕೇ ಬಿಟ್ಟಿದ್ದರೆ ತಪ್ಪು ಅವರದಾಗುತ್ತಿತ್ತು. ಅವರು ಹೇಳಿದ್ದು ನಿಜ, ಆದರೆ ಚೇಂಬರ್ ನೋಡದೆ ಸುತ್ತಿಗೆ ಎತ್ತಿದವನು ನಾನು ಎಂದು ಬರೆಸಿ ಸಹಿ ಮಾಡಿದೆ.

ಮುಂದಿನ ವಾರ ಅದೇ ಪಿಸ್ತೂಲನ್ನು ಪೂರ್ತಿ ಬಿಚ್ಚಿ, ಸೀಮೆ ಎಣ್ಣೆಯಲ್ಲಿ ತೊಳೆದು, ಒರೆಸಿ, ತೆಳುವಾಗಿ ಎಣ್ಣೆ ಸವರಿದೆ. ಮಾನಪ್ಪ ಮಾಡಿದ ಶೀಸಮ್ ಗ್ರಿಪ್ಪುಗಳು ಒಂದು ಕೂದಲೂ ಹೋಗದಂತೆ ಕೂತವು. ಸ್ಕ್ರೂಗಳನ್ನು ನಾನು ತಿರುಗಿಸಲಿಲ್ಲ. ಅವನೇ ತಿರುಗಿಸಿದ. ಆಮೇಲೆ ತನ್ನ ಸ್ಟೂಲನ್ನು ನನ್ನ ಬೆನ್ನ ಹಿಂದಕ್ಕೆ ಹಾಕಿಕೊಂಡ.

ಅದಾಗಿ ಎರಡು ವರ್ಷಕ್ಕೆ ಕೆಲಸ ಬಿಟ್ಟೆ. ಆ ವೃತ್ತಿ ನನಗೆ ಕಲಿಸಿದ್ದು ಇಷ್ಟೇ: ಇನ್ನೊಬ್ಬರು ನೋಡಿದ್ದಾರೆ ಎಂದು ನಾವು ನೋಡುವುದನ್ನು ಬಿಡಬಾರದು. ದಣಿದ ದಿನ ಎರಡು ಸಲ ನೋಡಬೇಕು. ಮೂವತ್ತೊಂದು ವರ್ಷ ಇದು ನನಗೆ ಬಾಯಿಪಾಠವಾಗಿತ್ತು, ಅಷ್ಟು ಸಾಲಲಿಲ್ಲ.

ಅಂದು ಆ ಕೋಣೆಯಲ್ಲಿ ನನ್ನನ್ನು ಸೇರಿಸಿ ಐವರಿದ್ದೆವು. ಮಾಲಕರು ಕೊರೊನಾದಲ್ಲಿ ತೀರಿಕೊಂಡರು. ಬಾಳಗೊಂಡರು ಹೋದ ವರ್ಷ ಹೃದಯಾಘಾತದಿಂದ ಹೋದರು. ಪದ್ಮವ್ವ ಗಡಹಿಂಗ್ಲಜದಲ್ಲಿ ಮಗಳ ಹತ್ತಿರ ಇದ್ದಾರೆ. ಇಚಲಕರಂಜಿಯಲ್ಲಿ ಮಾನಪ್ಪ ಇದ್ದಾನೆ.