ನಾನೂರು ವಾಟ್ ಸಾಕು

ಕಂಪ್ಯೂಟರಿಗೆ ನಾನೊಂದು ಸುಳ್ಳು ಹೇಳಿದ್ದೆ. ದೊಡ್ಡ ಸುಳ್ಳೇನಲ್ಲ, ನಮ್ಮ ಕುಂದಾಪುರದ ಕಡೆ ಮರ್ಯಾದಸ್ಥರೆಲ್ಲ ದಿನಾ ಹೇಳುವಂಥದ್ದೇ. ಆದರೆ ಅದರ ದೆಸೆಯಿಂದ ಒಂಬತ್ತು ವರ್ಷಗಳ ನಂತರ ಶುರುವಾದ ಪಾಠವೊಂದು ನಡುವಿನಲ್ಲೇ ನಿಂತುಹೋಯಿತು. ಹಾಗಾಗಿ ನಿಮ್ಮ ಮುಂದೆ ಒಪ್ಪಿಕೊಂಡುಬಿಡುತ್ತೇನೆ.

ನನ್ನ ಹೆಂಡತಿ ಸುಮಿತ್ರೆ ಬ್ರಹ್ಮಾವರದ ಹತ್ತಿರ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದಳು. ಒಂಬತ್ತು ವರ್ಷಗಳ ಹಿಂದೆ ನನ್ನ ಅಮ್ಮ ಹಾಸಿಗೆ ಹಿಡಿದಾಗ ಕೆಲಸ ಬಿಟ್ಟಳು. ಅಮ್ಮ ಹೋಗಿ ಎರಡು ವರ್ಷವಾದರೂ ಆ ಕೆಲಸದ ಮಾತೆತ್ತಿರಲಿಲ್ಲ. ಈ ವರ್ಷ ಇದ್ದಕ್ಕಿದ್ದಂತೆ, ವಂಡ್ಸೆ ಕಡೆಯ ಇಪ್ಪತ್ತೆರಡು ಹತ್ತನೇ ಕ್ಲಾಸಿನ ಮಕ್ಕಳಿಗೆ ಭಾನುವಾರ ಬೆಳಿಗ್ಗೆ ಕಂಪ್ಯೂಟರಿನಲ್ಲೇ ರೇಖಾಗಣಿತ ಹೇಳಿಕೊಡುತ್ತೇನೆ ಎಂದಳು. ಹೇಳಿದ ದಿನದಿಂದ ಅವಳ ನಡಿಗೆಯೇ ಬದಲಾಗಿತ್ತು. ಹಳೆಯ ಲ್ಯಾಪ್‌ಟಾಪು ಮಾತ್ರ ತೆರೆಯ ಮೇಲೊಂದು ಶಂಕುವನ್ನು ತಿರುಗಿಸು ಎಂದರೆ ಏದುಸಿರು ಬಿಡುತ್ತಿತ್ತು.

ತಾಲೂಕು ಕಚೇರಿಯಿಂದ ನಿವೃತ್ತನಾಗಿ ಕೈಗೆ ಕೆಲಸವಿಲ್ಲದೆ ಕೂತಿದ್ದ ನಾನು, ಹೊಸ ಕಂಪ್ಯೂಟರನ್ನು ನಾನೇ ಜೋಡಿಸಿ ಕೊಡುತ್ತೇನೆ ಎಂದು ಘೋಷಿಸಿದೆ. ನಿನಗೇನೇನು ಬೇಕು ಎಂದು ಕೇಳಿದ್ದೂ ನಿಜ.

"ಎಂತ ಬ್ಯಾಡ. ಶಂಕು ತಿರ್ಗ್ಸಿ ತೋರ್ಸುಕೆ ಆರೆ ಸಾಕ್" ಎಂದಳು. ನಾನು ಹಾಗೆಯೇ ಬರೆದುಕೊಂಡೆ.

ಬಿಡಿಭಾಗ ಆರಿಸುವ ಸುಖ ಅನುಭವಿಸಿದವರಿಗೇ ಗೊತ್ತು. ಒಂದು ತಿಂಗಳು ನಾನು ಮನೆಯಲ್ಲಿದ್ದೂ ಇರಲಿಲ್ಲ. ಈ ಪ್ರೊಸೆಸರಿಗೆ ಆ ಮದರ್‌ಬೋರ್ಡು ಆಗಿಬರುವುದಿಲ್ಲ, ಆ ಬೋರ್ಡಿಗೆ ಈ ರ‍್ಯಾಮ್ ಹೊಂದುವುದಿಲ್ಲ ಎಂದು ಜಾತಕ ಹಿಡಿದು ಕೂತವನ ಹಾಗಾಗಿದ್ದೆ. ಗ್ರಾಫಿಕ್ಸ್ ಕಾರ್ಡಿಗೆ ಎಂಟು ದಿನ ಹಿಡಿಯಿತು. ಗಾಜಿನ ಬದಿಯ ಕ್ಯಾಬಿನೆಟ್ಟಿಗೆ ಐದು ದಿನ. ಫ್ಯಾನುಗಳು ನೀಲಿ ಬೆಳಕು ಬೀರಬೇಕೋ ಹಸಿರೋ ಎಂಬುದಕ್ಕೆ ಒಂದಿಡೀ ಮಧ್ಯಾಹ್ನ. ಕೊನೆಗೆ ಉಳಿದದ್ದು ಪವರ್ ಸಪ್ಲೈ. ಕುಂದಾಪುರದ ಅಂಗಡಿಯವರ ಬಾಯಲ್ಲಿ ಅದು ಎಸ್ಎಂಪಿಎಸ್. ಗೋಡೆಯ ಕರೆಂಟನ್ನು ಪಳಗಿಸಿ ಒಳಗಿನವರಿಗೆಲ್ಲ ಹಂಚುವ ಕಪ್ಪು ಡಬ್ಬಿ. ಬೆಳಕಿಲ್ಲ, ಬಣ್ಣವಿಲ್ಲ, ಕ್ಯಾಬಿನೆಟ್ಟಿನ ತಳದಲ್ಲಿ ಕೂತುಬಿಟ್ಟರೆ ಮುಖವೂ ಕಾಣದು. ಅದಕ್ಕೆ ನಾನು ಕೊಟ್ಟದ್ದು ಹತ್ತು ನಿಮಿಷ.

ಎಷ್ಟು ವಾಟಿನದು ಬೇಕು ಎಂದು ಲೆಕ್ಕ ಹಾಕಿಕೊಡುವ ಪುಟಗಳು ಅಂತರ್ಜಾಲದಲ್ಲಿವೆ. ಅವು ಕೇಳಿದ್ದಕ್ಕೆ ಉತ್ತರ ತುಂಬಿಸುತ್ತ ಹೋಗಬೇಕು. ಫ್ಯಾನು ಎಷ್ಟು ಎಂದಿತು. ಇದ್ದದ್ದು ನಾಲ್ಕು, ಎರಡು ಎಂದೆ. ಡಿಸ್ಕು ಎಷ್ಟು ಎಂದಿತು. ಮೂರಿದ್ದವು, ಒಂದು ಎಂದೆ. ಗ್ರಾಫಿಕ್ಸ್ ಕಾರ್ಡು ಯಾವುದು ಎಂದದ್ದಕ್ಕೆ, ನಮ್ಮಂಥವರಿಗೆ ಅಷ್ಟು ದೊಡ್ಡದೇಕೆ ಎಂದು ಅದು ತಿಳಿದೀತೆಂಬ ಸಂಕೋಚದಲ್ಲಿ, ನಮ್ಮದಕ್ಕಿಂತ ಎರಡು ಮೆಟ್ಟಿಲು ಕೆಳಗಿನದನ್ನು ಒತ್ತಿದೆ. ನಾನೂರು ವಾಟ್ ಸಾಕು ಎಂದಿತು. ಸರಿಯಾಗಿ ನಾನೂರರದ್ದನ್ನೇ ತಂದೆ.

ಯಾಕೆ ಹೀಗೆ ಮಾಡಿದೆ ಎಂದು ಹೊರಗಿನವರು ಕೇಳಬಹುದು, ನಮ್ಮೂರಿನವರು ಕೇಳಲಾರರು. ನಮ್ಮಲ್ಲಿ ಅಡುಗೆಯವರಿಗೆ ಜನ ಎಷ್ಟೆಂದು ಹೇಳುವ ಕ್ರಮವೇ ಹಾಗೆ. ಮುನ್ನೂರು ಮಂದಿಯನ್ನು ಕರೆದು "ಇನ್ನೂರ್ ಆಯ್ಕ್" ಅನ್ನುತ್ತೇವೆ. ಅಡುಗೆಯವರು ತಲೆಯಾಡಿಸಿ ಮುನ್ನೂರಕ್ಕೇ ಅಕ್ಕಿ ಹಾಕುತ್ತಾರೆ. ಇಬ್ಬರೂ ಸುಳ್ಳು ಹೇಳಿದಂತಾಗಲಿಲ್ಲ, ಊಟವೂ ಕಡಿಮೆ ಬೀಳಲಿಲ್ಲ. ನೆಂಟರ ಮನೆಯಲ್ಲಿ ದೋಸೆ ಎರಡು ಸಾಕು ಅನ್ನುವುದು ಮೂರನೆಯದು ಬಂದೇ ಬರುತ್ತದೆಂಬ ಧೈರ್ಯದಿಂದ. ಡಾಕ್ಟರ ಹತ್ತಿರ ನಡೆಯಲಾಗದೆ ಹೋದವನೂ "ಎಂತ ಇಲ್ಲೆ, ಸ್ವಲ್ಪ ಕಾಲ್ ನೋವ್" ಎಂದೇ ಶುರು ಮಾಡುತ್ತಾನೆ. ನಾವು ಕಡಿಮೆ ಹೇಳುವುದು, ಕೇಳಿದವರು ಕೂಡಿಸಿಕೊಳ್ಳುವುದು, ಇದು ಸರಿಯಾಗಿಯೇ ನಡೆದುಬಂದಿದೆ. ಆ ಪುಟಕ್ಕೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಮೊದಲ ಭಾನುವಾರ ಬಂತು. ಸುಮಿತ್ರೆ ಇಸ್ತ್ರಿ ಮಾಡಿದ ಹತ್ತಿ ಸೀರೆ ಉಟ್ಟು ಚಾವಡಿಯ ಮೂಲೆಯಲ್ಲಿ ಕೂತಳು. ಇಪ್ಪತ್ತೆರಡು ಮುಖಗಳೂ ತೆರೆಯ ಮೇಲೆ ಬಂದವು. ಕಾಲು ಗಂಟೆ ಚೆನ್ನಾಗಿಯೇ ನಡೆಯಿತು. ಅವಳು ಶಂಕುವನ್ನು ಅಡ್ಡಕ್ಕೆ ಕತ್ತರಿಸಿ, ತಿರುಗಿಸಿ, "ಈಗ ಒಳಗೆ ಏನು ಕಾಣುತ್ತದೆ ಹೇಳಿ" ಎಂದಳು. ಎಲ್ಲ ಕಪ್ಪಾಯಿತು. ನೀಲಿ ಫ್ಯಾನುಗಳು ನಿಂತು ಮತ್ತೆ ಸುತ್ತತೊಡಗಿದವು. ಎರಡನೇ ಸಲ ತಿರುಗಿಸಿದಾಗಲೂ ಅದೇ ಪಾಡು. ಮೂರನೇ ಸಲಕ್ಕೆ ಅವಳೇ ಮಕ್ಕಳಿಗೆ ಫೋನು ಮಾಡಿ ಇವತ್ತಿಗೆ ಸಾಕು ಎಂದಳು.

"ಪರ್ವಾಗಿಲ್ಲೆ ಬಿಡಿ. ನಂಗೂ ಎಲ್ಲ ಮರ್ತ್ ಹೋಯಿತ್ತ್. ಬಪ್ಪ ವರ್ಷ ಕಾಂಬ" ಎಂದು ಸೆರಗಿನಿಂದ ಕೀಲಿಮಣೆಯ ಮೇಲಿನ ಇಲ್ಲದ ಧೂಳನ್ನು ಒರೆಸಿದಳು. ಬರುವ ವರ್ಷ ಎಂದರೆ ಯಾವತ್ತೂ ಇಲ್ಲ ಎಂದು ನನಗೆ ಗೊತ್ತಾಯಿತು. ನನಗೆ ನಿಜಕ್ಕೂ ಭಯವಾಯಿತು.

ಗುರುವಾರ ಸುಬ್ರಾಯ ಮಾವ ಬಂದರು. ನನ್ನ ಅಮ್ಮನ ತಮ್ಮ, ಐವತ್ತು ವರ್ಷ ಮದುವೆ ಮನೆಗಳಲ್ಲಿ ಅಡುಗೆ ಮಾಡಿದವರು. ಅರವತ್ತು ದಾಟಿದ ನನ್ನನ್ನು ಈಗಲೂ ಮಾಣಿ ಎನ್ನುವವರು ಅವರೊಬ್ಬರೇ. ಮಜ್ಜಿಗೆ ಕುಡಿಯುತ್ತ ನನ್ನ ಕತೆಯನ್ನೆಲ್ಲ ಕೇಳಿದರು.

"ಅದ್ಕೆ ನೀ ಎಷ್ಟ್ ಜನ ಅಂದ್ ಹೇಳಿದ್ದೆ?"

"ಸ್ವಲ್ಪ ಕಡ್ಮಿ ಹೇಳಿದ್ದೆ ಮಾವ. ಅದೇ ಹೆಚ್ಚ್ ಹಾಕ್ಕಂತ್ ಅಂದ್ಕಂಡೆ."

"ಅದೆಂತ ಅಡ್ಗಿಯವ್ನಾ ಮಾಣಿ? ನಿಮ್ಮನಿ ಬಾಗ್ಲಂಗೆ ಎಷ್ಟ್ ಚಪ್ಲಿ ಬೀಳತ್ ಅಂದ್ ಅದ್ಕೆ ಗೊತ್ತಿತ್ತಾ?" ಎಂದರು. ಆಮೇಲೆ ಲೋಟ ಕೆಳಗಿಟ್ಟು, "ಸುಮಿತ್ರನ್ ಹತ್ರ ಎಂತ ಬೇಕ್ ಅಂದ್ ಕೇಂಡಿದ್ಯಾ?"

"ಕೇಂಡಿದ್ದೆ. ಎಂತ ಬ್ಯಾಡ ಅಂದ್ಳ್."

"ಹೌದಾ. ನೀ ಎಂತ ಮಾಡ್ದೆ?"

"ಬರ್ಕಂಡೆ."

ಮಾವ ಇನ್ನೊಂದು ಲೋಟ ಮಜ್ಜಿಗೆ ಕೇಳಿ ಕುಡಿದು ವಂಡ್ಸೆ ಬಸ್ಸಿಗೆ ಹೊರಟುಹೋದರು.

ಅವತ್ತೇ ಆ ಪುಟದ ಮುಂದೆ ಕೂತು, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ನಾಲ್ಕು ಫ್ಯಾನು, ಮೂರು ಡಿಸ್ಕು, ಕಾರ್ಡಿನ ನಿಜವಾದ ಹೆಸರು. ಐನೂರೈವತ್ತು ಎಂದಿತು. ಭಾರದ ಕೆಲಸ ಬಂದಾಗ ಕಾರ್ಡು ಒಮ್ಮೆಲೇ ಕೈಚಾಚುತ್ತದಂತೆ, ಕೊಡಲಾಗದಿದ್ದರೆ ಎಸ್ಎಂಪಿಎಸ್ಸು ತಾನೇ ಆಫ್ ಆಗಿಬಿಡುತ್ತದಂತೆ. ಬಡಿಸಲಾಗದ ಅವಮಾನಕ್ಕೆ ಅಡುಗೆಮನೆ ಬಾಗಿಲು ಹಾಕಿಕೊಂಡಂತೆ. ಮಾವನನ್ನು ನೆನೆದು ಏಳುನೂರೈವತ್ತರದ್ದು ತಂದು ಕೂರಿಸಿದೆ. ಕನ್ನಡದಲ್ಲಿ ಸಾಕು ಎಂಬುದಕ್ಕೆ ಎರಡು ಅರ್ಥ. ಒಂದು, ಇನ್ನು ಬೇಡ ಎನ್ನುವುದು. ಇನ್ನೊಂದು, ಹೊಟ್ಟೆಗೆ ಹಾಕಿ ಬೆಳೆಸುವುದು. ನಿಘಂಟು ಎರಡನ್ನೂ ಬೇರೆಬೇರೆಯಾಗಿ ಕೊಟ್ಟಿದೆ. ಸ್ಕ್ರೂ ಬಿಗಿಯುತ್ತ ಕೂತಿದ್ದ ನನಗೆ ಅವೆರಡೂ ಒಂದೇ ಮನೆಯವು ಅನ್ನಿಸಿತು. ಯಾರೋ ಸಾಕು ಎಂದಾಗ, ಸಾಕುವುದು ಕೇಳಿದವನ ಕೆಲಸ.

ಇನ್ನೊಂದೇ ಸಲ ಎಂದು ಸುಮಿತ್ರೆಯನ್ನು ಒಪ್ಪಿಸಿದೆ. ಭಾನುವಾರ ಶಂಕು ತಿರುಗಿತು. ಕತ್ತರಿಸಿದರೂ ತಿರುಗಿತು. ಮಕ್ಕಳಲ್ಲೊಬ್ಬಳು "ಟೀಚರ್, ಇನ್ನೊಂದ್ಸಲ ತಿರ್ಗ್ಸಿ" ಎಂದಳು. ಟೀಚರ್ ಎಂಬ ಆ ಶಬ್ದಕ್ಕೆ ಸುಮಿತ್ರೆ ಬೆನ್ನು ನೇರ ಮಾಡಿ ಕೂತದ್ದನ್ನು ನಾನು ಬಾಗಿಲ ಸಂದಿಯಿಂದ ನೋಡಿದೆ. ನನಗೆ ಕಣ್ಣು ತುಂಬಿ ಬಂತು.

ಪಾಠ ಮುಗಿದ ಮೇಲೆ, ಇನ್ನೇನಾದರೂ ಬೇಕಾ ಎಂದು ಕೇಳಿದೆ.

"ಎಂತ ಬ್ಯಾಡ. ಇದೇ ಸಾಕ್."

ಒಂದು ತಿಂಗಳ ಹಿಂದಾಗಿದ್ದರೆ ಬರೆದುಕೊಂಡು ಎದ್ದುಹೋಗುತ್ತಿದ್ದೆ. ಈ ಸಲ ಕೂತೇ ಇದ್ದೆ. ಅವಳು ಕೂತದ್ದು ಊಟದ ಮನೆಯ ಕುರ್ಚಿ, ಬೆನ್ನಿಗೆ ಮಡಿಸಿದ ಟವಲು. ಹಿಂದುಗಡೆ ಟಿವಿ, ಪಕ್ಕದಲ್ಲಿ ಕೊಡೆಗಳು, ಪಾಠದ ನಡುವೆ ಎರಡು ಸಲ ಕಾಲಿಂಗ್ ಬೆಲ್ಲು. ಎದುರಿಗೆ ನನ್ನ ಕೋಣೆ. ಅದರ ತುಂಬ ನನ್ನ ಹಳೆಯ ಪತ್ರಿಕೆಗಳು, ಬಿಡಿಭಾಗಗಳ ಖಾಲಿ ಪೆಟ್ಟಿಗೆಗಳು.

"ಅಲ್ಲ, ಸಮಾ ಹೇಳ್" ಎಂದು ಇನ್ನೊಮ್ಮೆ ಕೇಳಿದೆ. ಬಡಿಸುವವರು ಕೇಳುವಂತೆ.

ಸ್ವಲ್ಪ ಹೊತ್ತು ಸೆರಗು ತಿರುವಿದಳು. "ಹ್ವಾಯ್, ಬಾಗ್ಲ್ ಹಾಕ್ಕಂಬುಕೆ ಆಪ್ಪ ಒಂದ್ ಕೋಣಿ ಇದ್ದಿದ್ರೆ..." ಎಂದು ನಿಲ್ಲಿಸಿದಳು.

ಒಂಬತ್ತು ವರ್ಷ ಆ ಕೋಣೆ ಅಲ್ಲೇ ಇತ್ತು. ಅವತ್ತು ಸಂಜೆಯೊಳಗೆ ಪತ್ರಿಕೆಗಳು ಅಟ್ಟಕ್ಕೆ ಹೋದವು, ಕಂಪ್ಯೂಟರು ಒಳಗೆ ಬಂತು, ನನ್ನ ಮೇಜು ಚಾವಡಿಯ ಮೂಲೆಗೆ ಹೋಯಿತು.

"ನಿಮ್ಗೆ?" ಎಂದು ಬಾಗಿಲಲ್ಲಿ ನಿಂತು ಕೇಳಿದಳು.

"ನಂಗೆಂತ ಬ್ಯಾಡ. ಈ ಮೂಲಿ ಸಾಕ್" ಎಂದೆ.

ಬೆಳಿಗ್ಗೆ ಎದ್ದು ನೋಡಿದರೆ ನನ್ನ ಮೇಜಿನ ಮೇಲೊಂದು ಓದುವ ದೀಪವಿತ್ತು, ಕುರ್ಚಿಯ ಬೆನ್ನಿಗೆ ಆ ಟವಲು.