ನೀರೂ ಇರಲಿ, ನಗುವೂ ಇರಲಿ

ಬೆಳಗಿನ ಐದೂವರೆ. ಕಿನ್ಶಾಸಾದ ಮತೆತೆ ಮಾರುಕಟ್ಟೆಯ ಮುಂದೆ ಮೊದಲ ವ್ಯಾನಿಗೆ ಇನ್ನೂ ಜನ ತುಂಬಿಲ್ಲ. ಕಂಡಕ್ಟರ್ ಬಾಗಿಲು ಬಡಿಯುತ್ತ ಬಡಾವಣೆಗಳ ಹೆಸರು ಕೂಗುತ್ತಿದ್ದಾನೆ. ಎದುರಿನ ಗೋಡೆಯ ಬುಡದಲ್ಲಿ ಲುಜೋಲೋ ಮಾಯಾಂಬಾ ಹಿಟ್ಟಿನ ಚೀಲದ ಹೊಲಿಗೆ ಬಿಚ್ಚಿ, ಒಗೆದು ಒಣಗಿಸಿದ ಬಟ್ಟೆಯನ್ನು ಮರದ ಚೌಕಟ್ಟಿಗೆ ಬಿಗಿದು ಮೊಳೆ ಹೊಡೆಯುತ್ತಿದ್ದಾರೆ. ತುಟಿಗಳ ನಡುವೆ ನಾಲ್ಕು ಮೊಳೆಗಳಿರುವುದರಿಂದ ನನ್ನ ನಮಸ್ಕಾರಕ್ಕೆ ಹುಬ್ಬು ಹಾರಿಸುವುದೇ ಉತ್ತರ.

ಪಕ್ಕದಲ್ಲಿ ನಿನ್ನೆ ಮುಗಿಸಿದ ಚಿತ್ರವಿದೆ. ಇದೇ ಮಾರುಕಟ್ಟೆ, ಇದೇ ವ್ಯಾನು, ಇದೇ ಜನ. ಬ್ರೆಡ್ಡು ಮಾರುವ ಒಡ್ಯಾ ತಲೆಯ ಮೇಲಿನ ಬೋಗುಣಿ ಇಳಿಸದೆ ಅದರ ಮುಂದೆ ನಿಲ್ಲುತ್ತಾರೆ.

“ಏನೇ ಇದು, ನನ್ನ ತಲೆ ಮೇಲೆ ಇಷ್ಟೇ ಬ್ರೆಡ್ಡಾ? ನೋಡಿದೋರು ನನ್ನ ವ್ಯಾಪಾರ ಮುಳುಗಿದೆ ಅಂದ್ಕೊಳ್ಳಲ್ವಾ?”

ಲುಜೋಲೋ ಎದ್ದು, ಬೋಗುಣಿಯೊಳಗೆ ಇಣುಕಿ, ಕುಂಚ ತೆಗೆದುಕೊಂಡು ಇನ್ನೆರಡು ಸಾಲು ಬ್ರೆಡ್ಡು ಬರೆಯುತ್ತಾರೆ. “ಸಾಕಾ? ಇನ್ನೊಂದು ಇಟ್ರೆ ನಿನ್ನ ಕತ್ತು ಉಳುಕುತ್ತೆ.”

ನಮ್ಮ ಊರಿನ ಬಗ್ಗೆ ಬರೆಯುವವರು, ಹಾಡುವವರು ಬೇಕಾದಷ್ಟಿದ್ದಾರೆ. ಕೆಲವರಿಗೆ ಇದು ಬರೀ ಕಸ ಮತ್ತು ಕತ್ತಲೆ, ಕೆಲವರಿಗೆ ಬರೀ ಬಿಯರು ಮತ್ತು ಕುಣಿತ. ನಾನೂ ಹತ್ತೊಂಬತ್ತು ವರ್ಷ ಇದೇ ಊರಿನ ಬಗ್ಗೆ ಬರೆದವನು. ‘ಜನಸಾಗರ’ ಎಂಬ ಪದವನ್ನು ಎಷ್ಟು ಸಲ ಬಳಸಿದ್ದೇನೋ ಲೆಕ್ಕವಿಲ್ಲ. ಒಮ್ಮೆ ಅದನ್ನು ಓದಿ ಹೇಳಿದಾಗ ಲುಜೋಲೋ ಕೇಳಿದ್ದು ಒಂದೇ ಪ್ರಶ್ನೆ: “ಸಾಗರ ಅಂದ್ರೆ ಯಾರ್‍ಯಾರು?” ಅವರ ಒಂದು ಚಿತ್ರದಲ್ಲಿ ಸರಾಸರಿ ನಲವತ್ತು ಜನ. ನಲವತ್ತಕ್ಕೂ ಹೆಸರಿದೆ, ವಿಳಾಸವಿದೆ.

ಅವರಿಗೀಗ ಐವತ್ತೆರಡು. ಚಿಕ್ಕವರೆಲ್ಲ ಅಕ್ಕ ಎನ್ನುವ ಹಾಗೆ ‘ಯಾ ಲುಜೋಲೋ’ ಎನ್ನುತ್ತಾರೆ. ತಂದೆ ಕ್ಷೌರದಂಗಡಿಗಳ ಬೋರ್ಡು ಬರೆಯುತ್ತಿದ್ದರು. ಅವರ ಕೈ ನಡುಗಲು ಶುರುವಾದಾಗ ಮಗಳು ಕುಂಚ ಹಿಡಿದರು. ಬಣ್ಣದ ಡಬ್ಬ ಹಿಡಿದು ಅಂಗಡಿಗೆ ಹೋದರೆ ಮಾಲೀಕರು ಇವರ ಬೆನ್ನ ಹಿಂದೆ ಇಣುಕಿ, ಪೇಂಟರ್ ಎಲ್ಲಿ ಎಂದು ಕೇಳುತ್ತಿದ್ದರಂತೆ. ಹನ್ನೊಂದು ವರ್ಷ ಬರೆದದ್ದಕ್ಕೆಲ್ಲ ತಂದೆಯ ಹೆಸರನ್ನೇ ಹಾಕಿದರು. ತಂದೆ ತೀರಿಕೊಂಡ ಮೇಲೂ ಒಂದಷ್ಟು ಕಾಲ ‘ಅವರ’ ಬೋರ್ಡುಗಳು ಊರಲ್ಲಿ ಏಳುತ್ತಲೇ ಇದ್ದವು. “ಸತ್ತ ಮೇಲೆ ಅಪ್ಪನ ಕೈ ಸುಧಾರಿಸಿತು ಅಂತ ಜನ ಹೊಗಳ್ತಿದ್ರು,” ಎಂದು ನಗುತ್ತಾರೆ.

ಕಳೆದ ಮಳೆಗಾಲದಲ್ಲಿ ನದಿ ಉಕ್ಕಿ ಕೆಳಗಿನ ಬೀದಿಗಳಿಗೆ ನುಗ್ಗಿತು. ನೀರಿಳಿದ ಮೇಲೆ ಲುಜೋಲೋ ಇಪ್ಪತ್ಮೂರು ದಿನ ಕೂತು, ಎರಡು ಮೀಟರ್ ಅಗಲದ ಚಿತ್ರ ಬರೆದರು. ಅವರು ಬರೆದದ್ದರಲ್ಲಿ ಅದೇ ದೊಡ್ಡದು. ಅದರಲ್ಲಿ ಜನ ಮಂಚ ಹೊತ್ತಿದ್ದಾರೆ, ಹೆರಿಗೆ ಆಸ್ಪತ್ರೆಯ ಮೇಟ್ರನ್ ಬಿಳಿ ಸಮವಸ್ತ್ರದಲ್ಲಿ ಒಬ್ಬನ ಬೆನ್ನೇರಿ ಕೆಲಸಕ್ಕೆ ಹೊರಟಿದ್ದಾರೆ. ನಡುವೆ ದರ್ಜಿ ಎಬೆಂಗೊ ಸೊಂಟದವರೆಗಿನ ನೀರಿನಲ್ಲಿ ಹೊಲಿಗೆ ಯಂತ್ರ ತಲೆಯ ಮೇಲಿಟ್ಟುಕೊಂಡು ಬಾಯ್ತುಂಬ ನಗುತ್ತಿದ್ದಾರೆ. ಅವರ ಮುಂದೆಯೇ ಅವರ ಹಾಸಿಗೆ ತೇಲಿಹೋಗುತ್ತಿದೆ, ಅದರ ಮೇಲೆ ಅವರ ಕೋಳಿ.

ಆ ಚಿತ್ರಕ್ಕೆ ಒಂದೇ ವಾರದಲ್ಲಿ ಇಬ್ಬರು ಗಿರಾಕಿಗಳು ಬಂದರು. ಮೊದಲನೆಯವನು ವಿದೇಶಗಳಿಗೆ ಚಿತ್ರ ಕಳಿಸುವ ವ್ಯಾಪಾರಿ. ದರ್ಜಿಯ ನಗು ಅಳಿಸಬೇಕು, ಮನೆ ಮುಳುಗಿದವನು ನಕ್ಕರೆ ಅಲ್ಲಿ ಯಾರೂ ನಂಬುವುದಿಲ್ಲ ಎಂದ. ಎರಡನೆಯವನು ಕ್ಯಾಲೆಂಡರ್ ಅಚ್ಚು ಹಾಕಿಸುವವನು. ನಗು ಚೆನ್ನಾಗಿದೆ, ನೀರು ಮಾತ್ರ ತೆಗೆದು ರಸ್ತೆ ಒಣಗಿಸಿಕೊಡಿ ಎಂದ.

ಲುಜೋಲೋ ಅವರಿಗೆ ಇಬ್ಬರಲ್ಲಿ ಒಬ್ಬರು ಬೇಕೇಬೇಕಿತ್ತು. ಮಗಳು ನ್ಸೋನಾಗೆ ನರ್ಸಿಂಗ್ ಶಾಲೆಯಲ್ಲಿ ಸೀಟು ಸಿಕ್ಕಿತ್ತು, ಶುಲ್ಕ ಕಟ್ಟಿರಲಿಲ್ಲ. ಅದೇ ಮಳೆಯಲ್ಲಿ ಮನೆಯ ತಗಡೂ ಹಾರಿಹೋಗಿತ್ತು. ದರ್ಜಿಯ ತುಟಿ ಮುಚ್ಚಲು ಕಂದು ಬಣ್ಣ ಕಲಸಿಯೂ ಇಟ್ಟರು. ಕೈ ಬರಲಿಲ್ಲ. ಎದ್ದು ಎಬೆಂಗೊ ಅವರ ಅಂಗಡಿಗೆ ಹೋಗಿ ನೇರವಾಗಿ ಕೇಳಿದರು.

ಎಬೆಂಗೊ ಹೊಲಿಯುವುದನ್ನು ನಿಲ್ಲಿಸಲಿಲ್ಲ. “ಯಾ ಲುಜೋಲೋ, ಮನೆ ಹೋಗಿದ್ದು ನಿಜ, ಆಮೇಲೆ ನಾನು ಅತ್ತಿದ್ದೂ ನಿಜ. ಆದ್ರೆ ಆ ಕೋಳಿ ಮಂತ್ರಿ ಥರ ಕೂತ್ಕೊಂಡು ಹೋಗ್ತಾ ಇದ್ರೆ ನಗದೆ ಏನ್ ಮಾಡ್ಲಿ? ನಗು ಅಳಿಸೋದಾದ್ರೆ ನನ್ನನ್ನೂ ಅಳಿಸಿಬಿಡಿ.”

ಇಬ್ಬರು ಗಿರಾಕಿಗಳನ್ನೂ ಲುಜೋಲೋ ವಾಪಸು ಕಳಿಸಿದರು. ಮಗಳು ಎರಡು ದಿನ ಮಾತು ಬಿಟ್ಟಳು. ಮೂರನೆಯ ದಿನ ಬೆಳಿಗ್ಗೆ ತಾನೇ ಬಂದು ಚಿತ್ರದ ಒಂದು ಕೊನೆ ಹಿಡಿದಳು. ಇಬ್ಬರೂ ಅದನ್ನು ಹೊತ್ತು ತಂದು ಈ ಗೋಡೆಗೆ ಒರಗಿಸಿದರು.

ಆಮೇಲಿನ ಮೂರು ವಾರ ಮತೆತೆಯ ವ್ಯಾನುಗಳು ಹೊತ್ತಿಗೆ ಸರಿಯಾಗಿ ಹೊರಡಲಿಲ್ಲ. ಪ್ರಯಾಣಿಕರು ಚಿತ್ರದಲ್ಲಿ ತಮ್ಮನ್ನು, ತಮಗಾಗದವರನ್ನು ಹುಡುಕುತ್ತ ನಿಲ್ಲುತ್ತಿದ್ದರು. ಕಂಡಕ್ಟರುಗಳು ಗೊಣಗಿದರು, ಆಮೇಲೆ ತಾವೂ ಹುಡುಕತೊಡಗಿದರು. ಒಂದು ದಿನ ಮೇಟ್ರನ್ ಬಂದರು. ಬೆನ್ನೇರಿ ಕೂತ ತಮ್ಮನ್ನೇ ಬಹಳ ಹೊತ್ತು ನೋಡಿದರು. ಅವತ್ತು ತಮ್ಮ ಒಂದು ಕೈಯಲ್ಲಿ ಚಪ್ಪಲಿ ಇತ್ತು ಎಂದು ತಿದ್ದಿದರು. ಚಪ್ಪಲಿ ಬಂತು. ಮುಂದಿನ ವಾರ ಆಸ್ಪತ್ರೆ ಆ ಚಿತ್ರವನ್ನು ಕೊಂಡುಕೊಂಡಿತು.

ವ್ಯಾಪಾರಿ ಕೊಡುತ್ತೇನೆಂದದ್ದಕ್ಕಿಂತ ಅದು ಕಡಿಮೆಯೇ. ನ್ಸೋನಾಳ ಶುಲ್ಕಕ್ಕೆ ಸಾಕಾಯಿತು, ತಗಡಿಗೆ ಸಾಲಲಿಲ್ಲ. ಮನೆಯ ಮೇಲೆ ಇನ್ನೂ ನೀಲಿ ಪ್ಲಾಸ್ಟಿಕ್ ಹೊದಿಕೆಯೇ ಇದೆ. ನ್ಸೋನಾ ಬೆಳಿಗ್ಗೆ ಇಸ್ತ್ರಿ ಮಾಡಿದ ಸಮವಸ್ತ್ರ ತೊಟ್ಟು ಇದೇ ನಿಲ್ದಾಣದಿಂದ ವ್ಯಾನು ಹತ್ತುತ್ತಾಳೆ. ಲುಜೋಲೋ ನೋಡದವರಂತೆ ಬಣ್ಣ ಕಲಸುತ್ತಿರುತ್ತಾರೆ.

ಚಿತ್ರ ಈಗ ಹೆರಿಗೆ ಆಸ್ಪತ್ರೆಯ ಕಾಯುವ ಕೋಣೆಯಲ್ಲಿದೆ. ಬಸುರಿಯರು ತಮ್ಮ ಸರದಿ ಬರುವವರೆಗೆ ಅದರಲ್ಲಿ ನೆಂಟರನ್ನು ಹುಡುಕುತ್ತಾರೆ. ಲುಜೋಲೋ ವಾರಕ್ಕೊಮ್ಮೆ ಹೋಗಿ ಧೂಳು ಒರೆಸಿ, ಅವರ ಜೊತೆ ಹರಟೆ ಹೊಡೆದು ಬರುತ್ತಾರೆ. ಮುಂದಿನ ದೊಡ್ಡ ಚಿತ್ರ ಆ ಕೋಣೆಯದೇ ಅಂತೆ. ಏನಾದರೂ ಆಸೆ ಉಳಿದಿದೆಯೇ ಎಂದು ಕೇಳುತ್ತೇನೆ.

ಕುಂಚದ ಹಿಡಿಯಿಂದ ಬೆನ್ನು ಕೆರೆದುಕೊಳ್ಳುತ್ತ ಯೋಚಿಸುತ್ತಾರೆ. “ಇಲ್ಲದ್ದನ್ನ ನಾನು ಯಾವತ್ತೂ ಬರೆದೋಳಲ್ಲ. ಒಂದ್ಸಲ ಬರೀಬೇಕು ಅಂತಿದೆ. ಅಲ್ಲಿನ ಬೆಂಚಿಗೆ ಒರಗು ಇಲ್ಲ ನೋಡಿ, ಪಾಪ ಆ ಹೆಣ್ಮಕ್ಕಳು ಸೊಂಟ ಹಿಡ್ಕೊಂಡು ಕೂತಿರ್ತಾರೆ. ಚಿತ್ರದಲ್ಲಿ ಎಲ್ಲಾ ಬೆಂಚಿಗೂ ಒರಗು ಹಾಕಿಬಿಡ್ತೀನಿ. ದಿನಾ ನೋಡಿ ನೋಡಿ ನಾಚಿಕೆ ಆಗಿ, ಆಸ್ಪತ್ರೆಯೋರೇ ಮಾಡಿಸ್ಲಿ.”