ಇಲಿಯಪ್ಪನ ಗುಂಡು ಇಲಿಗಳು

"ನನ್ನ ಕೈಯಲ್ಲಿ ಒಂದೇ ಒಂದು ಇಲಿ ಸೊರಗಿದ್ದು ತೋರಿಸಿ ನೋಡೋಣ" ಎನ್ನುತ್ತಿದ್ದ ಇಲಿಯಪ್ಪ. ಹೆತ್ತವರು ಇಟ್ಟ ಹೆಸರು ಸಂಬಳ ಕೊಡುವವರಿಗೂ ಮರೆತುಹೋಗಿತ್ತು. ಔಷಧಿ ಕಂಪನಿಯ ಪ್ರಾಣಿ ವಿಭಾಗದಲ್ಲಿ ಪಂಜರ ತೊಳೆಯುವುದು, ಮೇವು ಹಾಕುವುದು, ತೂಕ ನೋಡುವುದು ಅವನ ಕೆಲಸ. ಅವನ ಇಲಿಗಳು ಎಷ್ಟು ಕೊಬ್ಬಿದ್ದವೆಂದರೆ, ಆ ಬೀದಿಯ ಬೆಕ್ಕುಗಳು ತಲೆ ತಗ್ಗಿಸಿಕೊಂಡು ಓಡಾಡುತ್ತಿದ್ದವು. ಸಾಯುವುದಕ್ಕೂ ಅವು ಅವನ ಅಪ್ಪಣೆ ಕೇಳುತ್ತಿದ್ದವು. ಅಪ್ಪಣೆಗೇನೂ ಬರವಿರಲಿಲ್ಲ. ಪರೀಕ್ಷೆ ಮುಗಿದ ದಿನ ಅವನ್ನು ಗಾಜಿನ ಪೆಟ್ಟಿಗೆಗೆ ಹಾಕಿ ಅನಿಲ ಬಿಡುತ್ತಿದ್ದವನೂ ಅವನೇ.

ಹೊಟ್ಟೆಯ ಗಡ್ಡೆಗೆಂದು ಹೊಸ ಔಷಧಿಯೊಂದು ಬಂತು. ಅದನ್ನು ಕುಡಿದ ಇಲಿಗಳು ಮೇವಿಗೆ ಬೆನ್ನು ತಿರುಗಿಸಿ ಕುಳಿತವು. ಇಲಿಯಪ್ಪನ ಮಾನಕ್ಕೆ ಪೆಟ್ಟು ಬಿತ್ತು. ಮೇವನ್ನು ಸಕ್ಕರೆ ನೀರಿನಲ್ಲಿ ಕಲಸಿ, ಒಂದೊಂದನ್ನೂ ಅಂಗೈಯಲ್ಲಿ ಹಿಡಿದು, ಯಾರೂ ಇಲ್ಲದಾಗ ಸಿರಿಂಜಿನಿಂದ ಬಾಯಿಗೆ ಹಿಂಡಿದ. ತೂಕ ಇಳಿಯಲಿಲ್ಲ. ಮೇಲಿನವರು ಭೇಷ್ ಎಂದರು. ಔಷಧಿ ನಾಯಿಗಳ ವಿಭಾಗಕ್ಕೆ ದಾಟಿತು. ಅಲ್ಲಿದ್ದವನು ಇವನ ಕೈಯಲ್ಲೇ ಪಳಗಿದವನು, ಅಲ್ಲೂ ತೂಕ ಇಳಿಯಲಿಲ್ಲ. ಆಮೇಲೆ ಗಟ್ಟಿಮುಟ್ಟಾದ ಜನಕ್ಕೆ ಹನಿ ಹನಿ ಕೊಟ್ಟು ನೋಡಿದರು. ಅಷ್ಟಕ್ಕೆ ಯಾರಿಗೂ ಏನೂ ಆಗಲಿಲ್ಲ. ಕೊನೆಗೆ ರೋಗಿಗಳ ಸರದಿ. ಅಷ್ಟರಲ್ಲಿ ಇಲಿಯಪ್ಪನ ಹೆಂಡತಿಯ ಹೊಟ್ಟೆಯಲ್ಲೂ ಅದೇ ಗಡ್ಡೆ ಕಾಣಿಸಿಕೊಂಡಿತ್ತು.

"ಧೈರ್ಯವಾಗಿ ಕುಡಿ ಕಣೇ. ನನ್ನ ಇಲಿಗಳು ಇದನ್ನ ಕುಡಿದೇ ಗುಂಡುಗುಂಡಾಗಿದ್ವು."

"ಗುಂಡಾದ ಮೇಲೆ ಏನಾದ್ವು?"

ಇಲಿಯಪ್ಪ ಚಪ್ಪಲಿ ಹುಡುಕಲು ಹೋದ. ಮಾರನೆಯ ದಿನ ಅವಳನ್ನು ಆಸ್ಪತ್ರೆಗೆ ಕರೆದೊಯ್ದು ತಾನೇ ಸೇರಿಸಿದ.

ಔಷಧಿ ಹಿಡಿಯಿತು. ಗಡ್ಡೆ ಕುಗ್ಗಿತು. ಅವಳು ಅದಕ್ಕಿಂತ ಬೇಗ ಕುಗ್ಗಿದಳು. ತಟ್ಟೆ ಕಂಡರೆ ಮುಖ ಗೋಡೆಗೆ ತಿರುಗುತ್ತಿತ್ತು. ಮುಂಗೈಯ ಬಳೆ ಮೊಣಕೈ ದಾಟಿ ಭುಜದ ಮೇಲೆ ಹೋಗಿ ಕೂತಿತು.

"ಇದು ಔಷಧಿಯದ್ದಲ್ಲ, ಮನಸ್ಸಿನದ್ದು" ಎಂದರು ಪರೀಕ್ಷೆ ನಡೆಸುವ ಡಾಕ್ಟರು. "ಇಲಿಗಳಿಗೆ ಹಸಿವು ಚೂರೂ ಕಮ್ಮಿ ಆಗಿರಲಿಲ್ಲ."

ಇಲಿಯಪ್ಪ ಸಕ್ಕರೆ ನೀರು, ಸಿರಿಂಜು, ಎಲ್ಲವನ್ನೂ ಒದರಿದ. ಡಾಕ್ಟರು ಎದ್ದು ಬಾಗಿಲು ಮುಚ್ಚಿದರು.

"ಇದನ್ನ ಇನ್ಯಾರಿಗಾದ್ರೂ ಹೇಳಿದ್ದೀಯಾ?"

"ಇಲ್ಲ ಸರ್."

"ಒಳ್ಳೇದಾಯ್ತು. ಹೇಳಬೇಡ. ಆಕೆಗೂ ಹಾಗೇ ತಿನ್ನಿಸು. ಅಭ್ಯಾಸ ಇದೆಯಲ್ಲ ನಿನಗೆ."

ತಿನ್ನಿಸಿದ. ಹಿಂಡಿದ್ದೆಲ್ಲ ದಿಂಬಿನ ಮೇಲೆ ಬಂತು.

"ಸಾಕು ರೀ" ಎಂದಳು ಅವಳು. "ಆ ಗಡ್ಡೆ ಜೊತೆಗೇ ಇರ್ತೀನಿ. ಅದಾದ್ರೂ ಊಟ ಮಾಡೋಕೆ ಬಿಟ್ಟಿತ್ತು."

ಮರುದಿನ ಡಾಕ್ಟರು ಹಾಸಿಗೆಯ ಬಳಿ ಬಂದಾಗ ಇಲಿಯಪ್ಪ ಕೈಮುಗಿದ. "ಬೇಡ ಅಂತಿದ್ದಾಳೆ ಸರ್. ಬಿಟ್ಟುಬಿಡಿ."

"ಗಡ್ಡೆ ಅರ್ಧ ಆಗಿದೆ ಕಣಯ್ಯ. ಇಷ್ಟು ದೂರ ಬಂದಿದ್ದೀವಿ, ಈಗ ನಿಲ್ಲಿಸೋದಾ?"

ನರ್ಸು ಹಿಡಿದಿದ್ದ ಔಷಧಿಯ ಲೋಟವನ್ನು ಇಲಿಯಪ್ಪ ಕಿತ್ತುಕೊಂಡು, ಕೈ ತೊಳೆಯುವ ತೊಟ್ಟಿಗೆ ಸುರಿದ.

"ಬಂದಿರೋಳು ಅವಳೊಬ್ಬಳೇ ಸರ್. ನೀವೂ ನಾನೂ ಹೊರಟ ಜಾಗದಲ್ಲೇ ನಿಂತಿದ್ದೀವಿ."